ಹೆಂಡತಿಯೋ, ಹೆಂಡತಿಯ ಪೊರೆಯೋ

ಲಾಂಡ್ರಿಯಣ್ಣ ಹುಟ್ಟಿದ್ದೇ ಬಟ್ಟೆಯ ಮೂಟೆಯ ಮೇಲೆ ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು. ಅದು ತಮಾಷೆಯಲ್ಲ, ನಿಜ. ಅವನ ತಾಯಿ ಯಾವುದೋ ಹೋಟೆಲಿನ ಹಾಸಿಗೆ ಬಟ್ಟೆಗಳನ್ನು ಮಡಿಸುತ್ತಿದ್ದಾಗ ನೋವು ಬಂತು, ಎದ್ದು ಒಳಗೆ ಹೋಗಲು ಪುರಸೊತ್ತಾಗಲಿಲ್ಲ. ಆಮೇಲೆ ಅವನ್ನು ಇನ್ನೊಮ್ಮೆ ತೊಳೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಕೊಟ್ಟರು. ಹೋಟೆಲಿನವರಿಗೆ ಇವತ್ತಿನವರೆಗೂ ಗೊತ್ತಿಲ್ಲ.

ತಾಯಿ ಬೇಗ ಹೋದಳು. ಅವನನ್ನು ಎತ್ತಿ ಆಡಿಸಿ, ಉಣ್ಣಿಸಿ, ಆಗಾಗ ಎರಡು ಬಾರಿಸಿ ದೊಡ್ಡವನನ್ನಾಗಿ ಮಾಡಿದವಳು ಅಕ್ಕ. ಶಾಲೆಯ ಮುಖ ಅವನು ನೋಡಿದ್ದು ಅಷ್ಟಕ್ಕಷ್ಟೆ. ಅಪ್ಪನ ಕೈಯ ಇಸ್ತ್ರಿ ಪೆಟ್ಟಿಗೆ ಇವನ ಕೈಗೆ ಬಂತು. ಅಕ್ಕನ ಗಂಡ ಬಸ್ಸು ಓಡಿಸುತ್ತಿದ್ದ. ಒಂದು ದಿನ ದಾರಿಯಲ್ಲಿ ಎದೆನೋವೆಂದು ಬಸ್ಸನ್ನು ಪಕ್ಕಕ್ಕೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಸತ್ತುಹೋದ. ಪ್ರಯಾಣಿಕರಲ್ಲಿ ಒಬ್ಬರಿಗೂ ಗೀರು ಬೀಳಲಿಲ್ಲ. ಅಕ್ಕ ತಮ್ಮನ ಮನೆಗೆ ಬಂದಳು. ಅಂಗಡಿಗೂ ಅಡುಗೆಮನೆಗೂ ನಡುವಿನ ಕೋಣೆಯಲ್ಲಿ ಕುಳಿತು, ಹರಿದು ಬಂದ ಬಟ್ಟೆಗಳಿಗೆ ರಫೂ ಹಾಕತೊಡಗಿದಳು. ಅವಳು ಮುಚ್ಚಿದ ತೂತನ್ನು ಬಟ್ಟೆಯ ಯಜಮಾನನೇ ಹುಡುಕಿದರೂ ಸಿಗುತ್ತಿರಲಿಲ್ಲ.

ಆ ಹೊತ್ತಿಗೆ ಲಾಂಡ್ರಿಯಣ್ಣನಿಗೂ ಮದುವೆಯಾಗಿತ್ತು. ಹೆಂಡತಿಗೂ ಅಕ್ಕನಿಗೂ ಮೊದಲ ವರ್ಷವೇ ಮಾತು ಬಿಟ್ಟಿತು. ಕಾರಣವೇನೆಂದು ಕೇಳಿದರೆ ಇವಳು ಒಂದು ಹೇಳುತ್ತಿದ್ದಳು, ಅವಳು ಇನ್ನೊಂದು ಹೇಳುತ್ತಿದ್ದಳು. ಎರಡೂ ಸುಳ್ಳಿರಬೇಕು. ಒಂದೇ ಸೂರು, ಒಂದೇ ಒಲೆ, ಮಾತಿಲ್ಲ. ಮೂವರೂ ಒಂದೇ ಕೋಣೆಯಲ್ಲಿದ್ದಾಗಲೂ ವ್ಯವಹಾರ ಹೀಗೆ ನಡೆಯುತ್ತಿತ್ತು:

"ರೀ, ನಿಮ್ಮಕ್ಕನಿಗೆ ಹೇಳಿ, ಹಾಲು ಒಲೆ ಮೇಲಿದೆ ಅಂತ."

"ಅಕ್ಕಾ, ಹಾಲು ಒಲೆ ಮೇಲಿದೆಯಂತೆ."

"ನನಗೂ ಕಣ್ಣಿದೆ ಅಂತ ಹೇಳೋ ಅವಳಿಗೆ."

"ಅವಳಿಗೂ ಕಣ್ಣಿದೆಯಂತೆ ಕಣೇ."

ಅಷ್ಟರಲ್ಲಿ ಹಾಲು ಉಕ್ಕಿರುತ್ತಿತ್ತು.

ಹೀಗೆ ಅವನ ಅರ್ಧ ಆಯಸ್ಸು ಕಳೆಯಿತು. ಆಮೇಲೆ ಹೆಂಡತಿಗೆ ಜ್ವರ ಬಂತು, ಆಸ್ಪತ್ರೆಗೆ ಸೇರಿಸಿದರು, ತಿರುಗಿ ಬರಲಿಲ್ಲ. ಅವನು ಅಳಲಿಲ್ಲ. ಆದರೆ ಅವನ ಬಾಯಿಗೆ ಕೆಲಸವಿಲ್ಲದಂತಾಯಿತು. ಮನೆಯಲ್ಲಿ ಯಾರಿಂದ ಯಾರಿಗೂ ತಲುಪಿಸಬೇಕಾದ ಮಾತೇ ಇರಲಿಲ್ಲ.

ಮೊದಲ ಸಲ ಅದು ಆದದ್ದು ಒಂದು ಮಧ್ಯಾಹ್ನ. ಅವನು ಇಸ್ತ್ರಿ ಮೇಜಿನ ಮುಂದೆ ನಿಂತಿದ್ದ. ಅಕ್ಕ ಯಾರದೋ ಉಣ್ಣೆಯ ಕೋಟಿನ ಮೊಣಕೈಗೆ ರಫೂ ಹಾಕುತ್ತಿದ್ದಳು. ಇದ್ದಕ್ಕಿದ್ದ ಹಾಗೆ ಸೂಜಿ ನಿಂತಿತು, ಕತ್ತು ಒಂದು ಪಕ್ಕಕ್ಕೆ ವಾಲಿತು.

"ರೀ, ಹಿಂದಿನ ಕಿಟಕಿ ಹಾಕಿದ್ರಾ? ಬೆಕ್ಕು ಬರತ್ತೆ."

"ಹಾಕ್ದೆ ಕಣೇ," ಎಂದ ಅವನು, ತಲೆ ಎತ್ತದೆ.

ಎಂದಮೇಲೆ ತಲೆ ಎತ್ತಿ ನೋಡಿದ. ಹುಟ್ಟಿದಾಗಿನಿಂದ ಅವನನ್ನು 'ಲೋ' ಎಂದು ಕರೆದ ಬಾಯಿ ಈಗ 'ರೀ' ಎಂದಿತ್ತು. ದನಿ ತುಸು ಮೂಗಿನಿಂದ ಬಂದಿತ್ತು, ಥೇಟ್ ಹೆಂಡತಿಯದೇ. ಕೈಯಲ್ಲಿದ್ದ ಪೆಟ್ಟಿಗೆ ಬ್ಯಾಂಕಿನ ಗುಮಾಸ್ತರ ಅಂಗಿಯ ಬೆನ್ನ ಮೇಲೆ ಕೂತೇ ಬಿಟ್ಟಿತು.

ಅಕ್ಕ ಕಣ್ಣು ಬಿಟ್ಟಳು. "ಏನೋ ಸುಟ್ಟ ವಾಸನೆ? ಜ್ಞಾನ ಎಲ್ಲಿಟ್ಟಿದ್ದೀಯ?"

ಅವನು ನಡೆದದ್ದನ್ನು ಹೇಳಿದ. ಅಕ್ಕ ಸೂಜಿಯನ್ನು ಕೋಟಿಗೆ ಚುಚ್ಚಿಟ್ಟು ಅವನನ್ನೇ ನೋಡಿದಳು.

"ಅವಳಾ? ನನ್ನ ಬಾಯಲ್ಲಾ? ಬದುಕಿದ್ದಾಗ ನನ್ನ ಲೋಟದಲ್ಲಿ ನೀರು ಕುಡಿದವಳಲ್ಲ ಅವಳು!"

ಆದರೆ ಮತ್ತೆ ಆಯಿತು. ಅಂಗಡಿ ಮುಚ್ಚುವ ವಾರದ ರಜೆಯ ದಿನ ಅವನು ಅಕ್ಕನ ಎದುರಿಗೆ ಸ್ಟೂಲು ಹಾಕಿಕೊಂಡು, ಬಾಯಿ ಬಿಟ್ಟು ಕೇಳದೆ, ಸುಮ್ಮನೆ ಕೂರುತ್ತಿದ್ದ. ಆ ಮುಖವನ್ನು ನೋಡಲಾಗದೆ ಅಕ್ಕ ಕಣ್ಣು ಮುಚ್ಚುತ್ತಿದ್ದಳು. ಸ್ವಲ್ಪ ಹೊತ್ತಿಗೆ 'ರೀ' ಎಂಬ ದನಿ ಬರುತ್ತಿತ್ತು.

"ಇಷ್ಟು ವರ್ಷ ನಮ್ಮಿಬ್ಬರ ಮಧ್ಯೆ ನೀನು ನಿಂತಿದ್ದೆ," ಎಂದಳು ಅಕ್ಕ ಒಮ್ಮೆ, ಎಚ್ಚರವಾದ ಮೇಲೆ ಹಣೆ ಒತ್ತಿಕೊಳ್ಳುತ್ತಾ. "ಈಗ ನಿಮ್ಮಿಬ್ಬರ ಮಧ್ಯೆ ನನ್ನ ನಿಲ್ಲಿಸಿದ್ದೀಯ. ಕಾಲು ನೋಯತ್ತೆ ಕಣೋ."

ಅವನು ಅದನ್ನು ತಮಾಷೆ ಎಂದುಕೊಂಡು ನಕ್ಕ.

ಇಂಥ ಸುದ್ದಿ ಬಚ್ಚಿಟ್ಟರೆ ನಿಲ್ಲುವುದಲ್ಲ. ಎದುರಿನ ಅಂಗಿ ಗುಂಡಿಗಳ ಅಂಗಡಿಯವಳು ಬಂದಳು, ಅವಳ ಗಂಡ ಬಂದ. ಔಷಧಿ ಅಂಗಡಿಯ ಕಾಂಪೌಂಡರ್ ಬಂದ, ಅವನ ತಾಯಿ ಬಂದಳು. ರಜೆಯ ದಿನ ಬೆಳಗಾದರೆ ಅರ್ಧ ಎಳೆದ ಷಟರಿನ ಕೆಳಗೆ ಜನ ಬಗ್ಗಿ ಬಗ್ಗಿ ಒಳಗೆ ಬರುತ್ತಿದ್ದರು. ಅಕ್ಕನ ಬಾಯಲ್ಲಿ ಬಂದ ಸತ್ತವರು ಲೋಕ ನಡುಗುವ ಮಾತೇನೂ ಆಡಲಿಲ್ಲ. ಕಾಂಪೌಂಡರನ ತಾಯಿ ಸ್ವೆಟರ್ ಹಾಕಿಕೋ ಎಂದಳು. ಗುಂಡಿ ಅಂಗಡಿಯವಳ ಗಂಡ ಬದುಕಿದ್ದಾಗಿನ ಹಾಗೆಯೇ ಹೂಂ, ಹೂಂ ಎಂದ. ಅದಕ್ಕೇ ಎಲ್ಲರೂ ಕಣ್ಣೊರೆಸಿಕೊಂಡು, ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡು, ಚಹಾ ಕುಡಿದು ಹೋಗುತ್ತಿದ್ದರು. ಅಕ್ಕ ಕಣ್ಣು ಬಿಡುವಷ್ಟರಲ್ಲಿ ಕೆಟಲು ಖಾಲಿಯಾಗಿರುತ್ತಿತ್ತು. ಈ ಜನಕ್ಕೆ ಏನನ್ನಬೇಕು!

ಲಾಂಡ್ರಿಯಣ್ಣ ಥಿಯೊಸಫಿಗೆ ಬಿದ್ದದ್ದು ಏಣಿಯ ಮೇಲಿಂದ. ಗಡಿಯಾರದ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಥಿಯೊಸಫಿ ಕೂಟ, ಅಂದರೆ ಬ್ರಹ್ಮವಿದ್ಯೆಯ ಸಭೆ, ಇತ್ತು. ಅದರ ಪರದೆಗಳು ತೊಳೆಯಲು ಬಂದಿದ್ದವು. ತೊಳೆದವನ್ನು ಹೊತ್ತು ತಂದು, ಏಣಿ ಹಾಕಿಕೊಂಡು ಕಿಟಕಿಗಳಿಗೆ ಏರಿಸುತ್ತಿದ್ದಾಗ ಜನ ಬಂದು ಕೂತರು, ಭಾಷಣ ಶುರುವಾಯಿತು. ನಡುವೆ ದಡಬಡ ಇಳಿದರೆ ಮರ್ಯಾದೆಯಲ್ಲ ಎಂದು ಅವನು ಏಣಿಯ ತುದಿಯಲ್ಲೇ ನಿಂತ. ಭಾಷಣ ಪೂರ್ತಿ ಕೇಳಿದ.

ಮಾತಾಡುತ್ತಿದ್ದವರು ಕೂಟದ ಅಧ್ಯಕ್ಷರು, ಪಿಂಚಣಿಯ ಮೇಷ್ಟ್ರು. ಮನುಷ್ಯನಿಗೆ ಏಳು ಪದರಗಳಿವೆ, ಸಾವೆಂದರೆ ಅವನ್ನು ಒಂದೊಂದಾಗಿ ಕಳಚುವುದು ಎಂದರು. ಕಣ್ಣಿಗೆ ಕಾಣುವ ದೇಹ ಮೊದಲು ಹೋಗುತ್ತದೆ. ಆಸೆ, ಅಭ್ಯಾಸಗಳಿಂದಾದ ಪದರ ಸ್ವಲ್ಪ ಕಾಲ ಹಿಂದೆ ಉಳಿಯುತ್ತದೆ, ಹಾವು ಬಿಟ್ಟ ಪೊರೆಯ ಹಾಗೆ. ಆತ್ಮ ಮೇಲೆ ಹೋಗಿ ಸುಖವಾಗಿ ವಿಶ್ರಮಿಸುತ್ತಿರುತ್ತದೆ, ಪೊರೆ ಕೆಳಗೆ ಅಲೆಯುತ್ತಿರುತ್ತದೆ. "ಸತ್ತವರನ್ನ ಮೈಮೇಲೆ ಕರೆಸ್ಕೊಳ್ಳೋ ಮೀಡಿಯಂಗಳ ಬಾಯಲ್ಲಿ ಬಂದು ನಾನು ನಿನ್ನ ತಾಯಿ, ನಾನು ನಿನ್ನ ಹೆಂಡತಿ ಅನ್ನೋದು ಬಹುಪಾಲು ಈ ಪೊರೆ. ಒಳಗೆ ಯಾರೂ ಇಲ್ಲ."

ಲಾಂಡ್ರಿಯಣ್ಣನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೊಟ್ಟವರು ವಾಪಸು ಒಯ್ಯದ ಕೋಟುಗಳು ಅವನ ಅಂಗಡಿಯ ಹಿಂದಿನ ಸಾಲಿನಲ್ಲಿ ನೇತಾಡುತ್ತಿದ್ದವು. ಎಷ್ಟು ಇಸ್ತ್ರಿ ಹಾಕಿದರೂ ಮೊಣಕೈಯ ಬಾಗು ಹೋಗುವುದಿಲ್ಲ. ಮಬ್ಬಿನಲ್ಲಿ ಯಾರೋ ಬೆನ್ನು ಮಾಡಿ ನಿಂತ ಹಾಗೆಯೇ ಕಾಣುತ್ತದೆ. ಒಮ್ಮೆ ಅಂಥದೊಂದು ಕೋಟಿಗೆ ಅವನು "ಬನ್ನಿ ಸಾರ್, ಏನ್ಬೇಕು?" ಎಂದಿದ್ದ. ಅದು ನೆನಪಾಯಿತು. ಪರದೆಯ ಉಂಗುರ ಜಾರಿ ಮುಂದಿನ ಸಾಲಿನ ವಕೀಲರ ಬೋಳು ತಲೆಯ ಮೇಲೆ ಬಿತ್ತು.

ಭಾಷಣ ಮುಗಿದ ಮೇಲೆ ಅವನು ಮೇಷ್ಟ್ರನ್ನು ಬಾಗಿಲಲ್ಲೇ ತಡೆದು ಎಲ್ಲವನ್ನೂ ಹೇಳಿದ.

"ಬೇಡ, ಬೇಡ," ಎಂದರು ಮೇಷ್ಟ್ರು. "ಮೀಡಿಯಂ ಸಹವಾಸ ಒಳ್ಳೇದಲ್ಲ. ನಮ್ಮಲ್ಲಿ ಅದು ನಿಷಿದ್ಧ ಅಂತಲೇ ಅಂದ್ಕೊಳ್ಳಿ."

"ಹಾಗಾದ್ರೆ ನಿಮಗೂ ಮೀಡಿಯಂಗಳಿಗೂ ಸಂಬಂಧವೇ ಇಲ್ಲ ಅನ್ನಿ."

ಮೇಷ್ಟ್ರು ಸುಳ್ಳು ಹೇಳುವವರಲ್ಲ. ಸ್ವಲ್ಪ ಕೆಮ್ಮಿದರು. "ಇಲ್ಲ ಅನ್ನೋಕಾಗಲ್ಲ. ಈ ಥಿಯೊಸಫಿ ಶುರು ಮಾಡಿದವರು ಒಬ್ಬರಿಗೊಬ್ಬರು ಪರಿಚಯ ಆಗಿದ್ದೇ ಅಂಥ ಕಡೆ. ಸತ್ತವರನ್ನ ಕರೆಸೋ ಮನೆಗಳಲ್ಲಿ ಓಡಾಡಿದವರೇ. ಆಮೇಲೆ, ಅದು ಸಾಲದು, ದೊಡ್ಡದು ಬೇರೆ ಇದೆ ಅಂತ ಹೊರಗೆ ಬಂದ್ರು."

"ಅಂದ್ರೆ ನಿಮ್ಮ ತವರುಮನೆ ಅದೇ."

"ಹಾಗೂ ಅನ್ನಬಹುದು."

"ತವರುಮನೆ ಹೆಸರು ಎತ್ತಿದ್ರೆ ಆಗಲ್ಲ ನಿಮಗೆ."

"ನೋಡಿ," ಎಂದರು ಮೇಷ್ಟ್ರು, "ಮೀಡಿಯಂ ಆದವಳು ಬಾಗಿಲು ತೆಗೆದಿಟ್ಟು ತಾನು ಮಲಗಿಬಿಡ್ತಾಳೆ. ಯಾರು ಬಂದ್ರು, ಯಾರು ಹೋದ್ರು ಅವಳಿಗೇ ಗೊತ್ತಿರಲ್ಲ. ನಾವು ಹೇಳೋದು, ಎಚ್ಚರವಾಗಿದ್ದು ತಿಳ್ಕೊಳ್ಳಿ ಅಂತ. ಇಷ್ಟೇ ವ್ಯತ್ಯಾಸ."

ಲಾಂಡ್ರಿಯಣ್ಣನಿಗೆ ಬಾಗಿಲಿನ ಚಿಂತೆ ಇರಲಿಲ್ಲ. ಅವನಿಗೆ ಬೇಕಾದ್ದು ಒಂದೇ. "ಬಂದಿರೋದು ಪೊರೆಯಲ್ಲದೆ ಅವಳೇ ಆಗಿದ್ರೆ?"

"ಅದು ಇನ್ನೂ ಕಷ್ಟ. ಮೇಲೆ ಹೋಗ್ತಿರೋರ ಸೆರಗು ಹಿಡಿದು ಕೆಳಗೆ ಜಗ್ಗಿದ ಹಾಗೆ. ಅವರ ನೆಮ್ಮದಿಗೆ ಕಲ್ಲು ಹಾಕಿದಂತೆ."

ಅಂದಿನಿಂದ ಲಾಂಡ್ರಿಯಣ್ಣನಿಗೆ ನೆಮ್ಮದಿ ಹೋಯಿತು. ಪೊರೆಯಾದರೆ ಇಷ್ಟು ದಿನ ಅವನು ಮಾತಾಡಿದ್ದು ನೇತುಹಾಕಿದ ಕೋಟಿನ ಜೊತೆ. ಅವಳೇ ಆದರೆ ಅವಳನ್ನು ಕೊಳೆ ಬಟ್ಟೆಯ ಹಾಗೆ ಮತ್ತೆ ಮತ್ತೆ ನೀರಿಗೆ ಎಳೆಯುತ್ತಿದ್ದಾನೆ. ಎರಡರಲ್ಲಿ ಯಾವುದೆಂದು ಗೊತ್ತಾಗದೆ ಬಿಡಲೂ ಆಗುತ್ತಿರಲಿಲ್ಲ. ಅವನು ಕೂಟದ ಸದಸ್ಯನಾದ. ಜಾತಿ, ಕುಲ, ಕಸುಬು ನೋಡುವುದಿಲ್ಲ ಎಂದು ಅವರ ನಿಯಮದಲ್ಲೇ ಇತ್ತು, ಆದ್ದರಿಂದ ಯಾರೂ ತಕರಾರು ಮಾಡಲಿಲ್ಲ. ಮೇಷ್ಟ್ರು ಅವನಿಗೆ ಒಂದು ಪರೀಕ್ಷೆ ಹೇಳಿಕೊಟ್ಟರು: ಪೊರೆಗೆ ಹೊಸ ಯೋಚನೆ ಹುಟ್ಟುವುದಿಲ್ಲ, ಹಳೆಯದನ್ನೇ ಹೇಳುತ್ತಿರುತ್ತದೆ. ಹೊಸದೇನಾದರೂ ಕೇಳಿ ನೋಡಿ.

ರಜೆಯ ದಿನ ಅವನು ಕೇಳಿದ. "ಬಾಯ್ಲರ್ ಹಳೇದಾಯ್ತು ಕಣೇ. ಹೊಸದು ತರಲಾ?"

"ಕಿಟಕಿ ಹಾಕಿ ಮೊದಲು."

"ಅಲ್ಲಿ ಹೇಗಿದೆ? ನೀನಿರೋ ಕಡೆ?"

"ಇರೋ ಹಾಗಿದೆ. ನಿಮ್ಮಕ್ಕ ಎಲ್ಲದಕ್ಕೂ ಉಪ್ಪು ಜಾಸ್ತಿ ಸುರೀತಾಳಾ ಇನ್ನೂ?"

ಅವನ ಮುಖ ಸಪ್ಪಗಾಯಿತು. ಪೊರೆಯೇ, ಅನುಮಾನವಿಲ್ಲ. ಮೂರನೆಯ ದಿನ ಯಾವುದೋ ಪ್ಯಾಂಟಿನ ಮಡಿಕೆ ಕೂರಿಸುತ್ತಿದ್ದವನಿಗೆ ಒಂದು ವಿಷಯ ಹೊಳೆದು, ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಎದ್ದೆನೋ ಬಿದ್ದೆನೋ ಎಂದು ಮೇಷ್ಟ್ರ ಮನೆಗೆ ಓಡಿದ. ಮೇಷ್ಟ್ರು ಜಗುಲಿಯಲ್ಲಿ ಪೇಪರು ಓದುತ್ತಿದ್ದರು.

"ಮೇಷ್ಟ್ರೇ, ನಿಮ್ಮ ಪರೀಕ್ಷೆ ಸರಿ ಇಲ್ಲ."

"ಯಾಕಪ್ಪಾ?"

"ಹಳೇದೇ ಹೇಳಿದ್ರೆ ಪೊರೆ ಅಂದ್ರಿ. ಅವಳು ಬದುಕಿದ್ದಾಗಲೂ ಹಳೇದೇ ಹೇಳ್ತಿದ್ಲು! ಬೆಳಗಾದ್ರೆ ಕಿಟಕಿ, ಬೆಕ್ಕು, ಉಪ್ಪು. ಬೇರೆ ಮಾತೇ ಕೇಳಿಲ್ಲ ನಾನು. ಹಾಗಾದ್ರೆ ನಾನು ಇಷ್ಟು ವರ್ಷ ಸಂಸಾರ ಮಾಡಿದ್ದು ಯಾರ ಜೊತೆ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಒಳಗೆ ಅವರ ಹೆಂಡತಿ ಪಾತ್ರೆ ಕುಕ್ಕುವ ಸದ್ದು ಕೇಳಿತು.

"ನಿಮ್ಮ ಪ್ರಶ್ನೆ ಒಮ್ಮೊಮ್ಮೆ ನನಗೂ ಬರತ್ತೆ," ಎಂದರು ದನಿ ತಗ್ಗಿಸಿ. "ನಮ್ಮನೆಯವರು ಆರೋಗ್ಯವಾಗಿದ್ದಾರೆ. ಆದ್ರೂ ಬರತ್ತೆ."

ಕಡೆಗೆ, ಬರುವ ರಜೆಯ ದಿನ ತಾವೇ ಬಂದು ನೋಡುವುದಾಗಿ ಒಪ್ಪಿಕೊಂಡರು. ಮೀಡಿಯಂ ಮುಂದೆ ಕೂರುವುದು ಕೂಟಕ್ಕೆ ಹೇಳಿಸಿದ್ದಲ್ಲ, ಆದ್ದರಿಂದ ಇದು ಬರೀ ವೀಕ್ಷಣೆ. ವೀಕ್ಷಣೆಗೆ ಸಾಕ್ಷಿ ಬೇಕೆಂದು ವಕೀಲರೂ ಜೊತೆಗೆ ಬಂದರು.

ಅಂದು ಬೆಳಗಿನಿಂದಲೇ ಕೋಣೆ ತುಂಬಿತ್ತು. ಗುಂಡಿ ಅಂಗಡಿಯವಳು, ಕಾಂಪೌಂಡರ್, ಅವರ ನೆಂಟರು, ನೆಂಟರ ನೆಂಟರು. ಒಬ್ಬರದು ಮುಗಿದರೆ ಇನ್ನೊಬ್ಬರದು. ಮೇಷ್ಟ್ರು, ವಕೀಲರು ಬಂದಾಗ ಮಧ್ಯಾಹ್ನ ಇಳಿದಿತ್ತು. ಅಕ್ಕ ಗೋಡೆಗೊರಗಿ ಕೂತಿದ್ದಳು. ಮುಖ ಗಂಜಿ ಹಾಕಿದ ಬಟ್ಟೆಯ ಹಾಗೆ ಬಿಳಿಚಿತ್ತು.

ಇಬ್ಬರೂ ಕುರ್ಚಿಯ ತುದಿಯಲ್ಲಿ ಕೂತು, ಕೈಕಟ್ಟಿಕೊಂಡು ವೀಕ್ಷಿಸಿದರು. ಸ್ವಲ್ಪ ಹೊತ್ತಾದ ಮೇಲೆ ವಕೀಲರು ಗಂಟಲು ಸರಿಮಾಡಿಕೊಂಡರು. "ಒಂದು ಸಣ್ಣ ಪ್ರಶ್ನೆ. ವೀಕ್ಷಣೆಗೋಸ್ಕರ ಅಷ್ಟೇ. ನಮ್ಮ ತಂದೆಯವರು ಏನಾದ್ರೂ..."

"ಬೂಟು ಎಲ್ಲಿ ಬಿಟ್ಟೆಯೋ ಕತ್ತೆ?" ಎಂದಿತು ಅಕ್ಕನ ಬಾಯಿ, ಗಡಸು ದನಿಯಲ್ಲಿ.

ವಕೀಲರು ತಮ್ಮ ಕಾಲನ್ನೊಮ್ಮೆ ನೋಡಿಕೊಂಡರು. ಆಮೇಲೆ ಕರವಸ್ತ್ರ ಹುಡುಕಿದರು. ಅದನ್ನು ಕಂಡದ್ದೇ ಮೇಷ್ಟ್ರು ಕುರ್ಚಿಯನ್ನು ಮುಂದೆ ಎಳೆದುಕೊಂಡರು. ಚಿಕ್ಕಂದಿನಲ್ಲಿ ನದಿಯಲ್ಲಿ ಮುಳುಗಿಹೋದ ಅವರ ತಮ್ಮನೊಬ್ಬನಿದ್ದ. ಅವನನ್ನು ಕರೆದರು. ಬರಲಿಲ್ಲ. ಅಡ್ಡಹೆಸರಿನಿಂದ ಕರೆದರು. ಬರಲಿಲ್ಲ. ಏಳು ಪದರ, ಪೊರೆ ಎಲ್ಲವನ್ನೂ ಬದಿಗಿಟ್ಟು, "ಇನ್ನೊಂದ್ಸಲ, ಇನ್ನೊಂದೇ ಸಲ ನೋಡಮ್ಮಾ," ಎಂದು ಅಂಗಲಾಚಿದರು. ಅಕ್ಕನ ತುಟಿ ಅಲುಗುತ್ತಿತ್ತು, ಮಾತು ಹೊರಡುತ್ತಿರಲಿಲ್ಲ.

ಲಾಂಡ್ರಿಯಣ್ಣನಿಗೆ ತಡೆಯಲಾಗಲಿಲ್ಲ. ಸ್ಟೂಲಿನ ಮೇಲೆ ಮುಂದೆ ಬಾಗಿ ನೇರವಾಗಿ ಕೇಳಿಬಿಟ್ಟ. "ಲೇ, ಹೇಳಿಬಿಡು. ನೀನು ನೀನೇನಾ, ಇಲ್ಲ ನೀನು ಬಿಚ್ಚಿಟ್ಟ ಬಟ್ಟೆಯಾ?"

"ರೀ," ಎಂದಿತು ದನಿ, ಮೂಗಿನಿಂದ, ಬಹಳ ಮೆತ್ತಗೆ. "ನಿಮ್ಮಕ್ಕ ಬೆಳಗಿಂದ ಏನೂ ತಿಂದಿಲ್ಲ."

ಲಾಂಡ್ರಿಯಣ್ಣ ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ. ಅವನ ಇಡೀ ಸಂಸಾರದಲ್ಲಿ 'ನಿಮ್ಮಕ್ಕ' ಎಂಬ ಮಾತಿನ ಹಿಂದೆ ದೂರಲ್ಲದೆ ಬೇರೇನೂ ಬಂದದ್ದಿಲ್ಲ.

"ಇದು ಹೊಸದಾ?" ಎಂದು ಮೇಷ್ಟ್ರು ಪಿಸುಗುಟ್ಟಿದರು.

"ಹೊಸದು."

"ಹಾಗಾದ್ರೆ ಕೇಳಿ, ಕೇಳಿ! ಇನ್ನೊಂದು ಏನಾದ್ರೂ ಕೇಳಿ! ಹಾಗೇ ನನ್ನ ತಮ್ಮ ಅಲ್ಲೆಲ್ಲಾದ್ರೂ..."

ಲಾಂಡ್ರಿಯಣ್ಣ ಅಕ್ಕನ ಮುಖ ನೋಡಿದ. ಇಷ್ಟು ದಿನವೂ ಅವನು ನೋಡುತ್ತಿದ್ದದ್ದು ಆ ಮುಖವನ್ನೇ, ಹುಡುಕುತ್ತಿದ್ದದ್ದು ಬೇರೆಯವಳನ್ನು. ಈಗ ತುಟಿ ಒಣಗಿ ಬಿರಿದದ್ದು ಕಾಣಿಸಿತು. ಕತ್ತಿನ ನರ ಹೊಡೆದುಕೊಳ್ಳುತ್ತಿದ್ದದ್ದು ಕಾಣಿಸಿತು.

"ಗೊತ್ತಾಯ್ತು ಕಣೇ," ಎಂದ ಅವನು. "ನಾನು ನೋಡ್ಕೊಳ್ತೀನಿ. ನೀನು ಹೊರಡು."

ಹೆಂಡತಿಗೆ ಆಸ್ಪತ್ರೆಯಲ್ಲಿ ಹೇಳಲಾಗದ ಮಾತನ್ನು ಹೀಗೆ ಎಲ್ಲರೆದುರು ಹೇಳಿ ಮುಗಿಸಿದ. ಆಮೇಲೆ "ಅಕ್ಕಾ" ಎಂದ. ಅವಳು ಅಲುಗಲಿಲ್ಲ. ಭುಜ ಹಿಡಿದು "ಅಕ್ಕಾ, ಏಳು" ಎಂದ. ತಲೆ ಅವನ ತೋಳಿಗೆ ಜಾರಿತು. ಅವಳು ತೀರಾ ಹಗುರಾಗಿದ್ದಳು.

"ಎಲ್ಲರೂ ಎದ್ದು ಆಚೆ ನಡೀರಿ!" ಎಂದು ಗುಡುಗಿದ. "ವೀಕ್ಷಣೆಯಂತೆ ವೀಕ್ಷಣೆ! ಮೇಷ್ಟ್ರೇ, ನಿಮಗೆ ಬೇರೆ ಹೇಳ್ಬೇಕಾ? ಕಾಂಪೌಂಡರೇ, ನೀವು ನಿಲ್ಲಿ, ನಾಡಿ ನೋಡಿ. ಅಕ್ಕಾ! ಅಕ್ಕಾ!"

ಕಾಂಪೌಂಡರ್ ನಾಡಿ ಹಿಡಿದು, ತುಟಿಗೆ ಸಕ್ಕರೆ ನೀರು ತಾಗಿಸಿದ. ಬಹಳ ಹೊತ್ತಿನ ಮೇಲೆ ಅವಳ ಹುಬ್ಬು ಗಂಟಿಕ್ಕಿತು.

"ಕಿರುಚಬೇಡ್ವೋ. ಕಿವುಡಿಯಲ್ಲ ನಾನು."

ಅವನು ಅವಳನ್ನು ಅಡುಗೆಮನೆಗೆ ನಡೆಸಿಕೊಂಡು ಹೋಗಿ, ಹಾಲು ಕಾಯಿಸಿ, ಬ್ರೆಡ್ಡು ಅದ್ದಿ ಕೊಟ್ಟ. ಅವಳು ಮೂರು ತುಂಡು ತಿಂದು ಕೇಳಿದಳು:

"ಬಂದಿದ್ಲಾ ಅವಳು?"

"ಬಂದಿದ್ಲು."

"ಏನಂತೆ?"

"ನೀನು ಏನೂ ತಿಂದಿಲ್ಲ ಅಂದ್ಲು."

ಅಕ್ಕ ಕೈಯಲ್ಲಿದ್ದ ತುಂಡನ್ನು ತಟ್ಟೆಗೆ ಇಟ್ಟಳು. "ಯಾರು, ಅವಳಾ? ನಾನು ತಿಂದಿದ್ದೀನೋ ಬಿಟ್ಟಿದ್ದೀನೋ ಅವಳಿಗ್ಯಾಕೆ? ಸುಳ್ಳು. ಅದು ಅವಳಲ್ಲ ಬಿಡು."

"ಮತ್ಯಾರು?"

"ನನಗೇನು ಗೊತ್ತು? ನಾನೆಲ್ಲಿದ್ದೆ ಅಲ್ಲಿ?"

ಹೇಳಿ ಅವಳು ತುಂಡನ್ನು ಮತ್ತೆ ಎತ್ತಿಕೊಂಡಳು. ಲಾಂಡ್ರಿಯಣ್ಣ ಒಲೆಯ ಕಡೆ ತಿರುಗಿ ನಿಂತು, ಕಾಯಬೇಕಿಲ್ಲದ ಹಾಲನ್ನು ಇನ್ನಷ್ಟು ಕಾಯಿಸಿದ. ವಾರಕ್ಕೊಮ್ಮೆ ಹೆಂಡತಿಯನ್ನು ಮನೆಗೆ ಕರೆಸುತ್ತೇನೆಂದು ಅವನು ತಿಳಿದಿದ್ದ. ಕರೆಸಿದಾಗಲೆಲ್ಲ ಅಕ್ಕನನ್ನು ಮನೆಯಿಂದ ಆಚೆ ಕಳಿಸುತ್ತಿದ್ದೇನೆಂದು ತಲೆಗೆ ಹೋಗಿರಲಿಲ್ಲ.

ಮುಂದಿನ ರಜೆಯ ದಿನ ಷಟರು ಪೂರ್ತಿ ಕೆಳಗಿತ್ತು. ಗುಂಡಿ ಅಂಗಡಿಯವಳು ಬಡಿದೂ ಬಡಿದೂ ತೆಗೆಸಿದಳು.

"ಇದು ನ್ಯಾಯವಾ ಲಾಂಡ್ರಿಯಣ್ಣ? ನಿಮ್ಮನೆಯವರ ಮಾತು ಮುಗೀತು ಅಂತ ಎಲ್ಲರದ್ದೂ ಮುಗಿಸಿಬಿಡೋದಾ? ನಮ್ಮವರದ್ದು ಇನ್ನೂ ಬಾಕಿ ಇದೆ!"

"ಅವರು ಹೂಂ ಬಿಟ್ಟು ಬೇರೆ ಏನಂದಿದ್ದಾರೆ ತಾಯಿ? ಆ ಹೂಂ ನಾನೇ ಅಂತೀನಿ, ನೀವು ಹೇಳಿ."

ಅವಳು ಮುಖ ಊದಿಸಿಕೊಂಡು ಹೋದಳು. ಮೇಷ್ಟ್ರು ಅಂಗಿಗಳನ್ನು ಕೊಡುವ ನೆಪದಲ್ಲಿ ಬಂದರು. ನೀವು ಮಾಡಿದ್ದೇ ಸರಿ, ನಮ್ಮ ತತ್ತ್ವ ಹೇಳುವುದೂ ಇದನ್ನೇ ಎಂದು ಬಹಳ ಹೊಗಳಿದರು. ಹೊರಡುವಾಗ ಮೆಟ್ಟಿಲ ಮೇಲೆ ನಿಂತರು.

"ನಿಮ್ಮಕ್ಕ ಸುಧಾರಿಸ್ಕೊಂಡ ಮೇಲೆ, ಯಾವತ್ತಾದ್ರೂ ಒಂದು ದಿನ, ನಮ್ಮ ತಮ್ಮನ್ನ..."

"ಬಂದ್ರೂ ಪೊರೆ ಬರತ್ತೆ ಮೇಷ್ಟ್ರೇ. ನೀವೇ ಹೇಳಿದ್ದಲ್ವಾ?"

"ಪೊರೆಯಾದ್ರೂ ಆಗ್ತಿತ್ತು," ಎಂದರು ಮೇಷ್ಟ್ರು.

ಲಾಂಡ್ರಿಯಣ್ಣ ಅವರ ಅಂಗಿಗಳನ್ನು ಎಣಿಸದೆಯೇ ಒಳಗೆ ತೆಗೆದುಕೊಂಡ. ಆಗಲ್ಲ ಎಂದು ತಲೆಯಷ್ಟೇ ಅಲ್ಲಾಡಿಸಿದ.

ಆಮೇಲೂ ಕೆಲಸದ ನಡುವೆ ಒಮ್ಮೊಮ್ಮೆ ಒಳಕೋಣೆಯ ಕಡೆ 'ಕಣೇ' ಎಂದು ಏನೋ ಹೇಳಲು ಹೊರಟು ಅವನು ನಿಲ್ಲಿಸುತ್ತಿದ್ದ. ಅಕ್ಕ ಒಳಗಿಂದ "ಏನೋ?" ಎನ್ನುತ್ತಿದ್ದಳು. "ಏನಿಲ್ಲ" ಎನ್ನುತ್ತಿದ್ದ. ರಜೆಯ ದಿನ ಎದುರುಬದುರು ಕೂತರೆ ಅಕ್ಕನ ಜೊತೆ ಏನು ಮಾತಾಡಬೇಕೆಂದೇ ಅವನಿಗೆ ತಿಳಿಯುತ್ತಿರಲಿಲ್ಲ. ಒಂದು ರಜೆ ಹಾಗೆ ಒದ್ದಾಡಿ, ಮುಂದಿನ ರಜೆಗೆ ಅವಳನ್ನು ಕೂಟದ ಭಾಷಣಕ್ಕೆ ಕರೆದುಕೊಂಡು ಹೋದ.

ಗಡಿಯಾರದ ಅಂಗಡಿಯ ಮೆಟ್ಟಿಲು ಹತ್ತಿ ಅಕ್ಕ ಮುಂದಿನ ಸಾಲಿನಲ್ಲೇ ಕೂತಳು. ಪರದೆಗಳ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ, "ಹೊಲಿಗೆ ಬಿಟ್ಟಿದೆ" ಎಂದಳು. ಮೇಷ್ಟ್ರು ಪದರಗಳ ವಿಷಯ ಎತ್ತಿಕೊಂಡರು. ಒಂದು ಹೇಳಿದರು, ಎರಡು ಹೇಳಿದರು, ಮೂರಾಯಿತು. ಅಷ್ಟರಲ್ಲಿ ಅಕ್ಕನ ಕಣ್ಣು ಮುಚ್ಚಿತು, ಕತ್ತು ಒಂದು ಪಕ್ಕಕ್ಕೆ ವಾಲಿತು.

ಮೇಷ್ಟ್ರ ಮಾತು ಅಲ್ಲೇ ನಿಂತಿತು. ವಕೀಲರು ತಮ್ಮ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು. ಮೀಡಿಯಂ ಕೂಡದೆಂಬ ಆ ಸಭೆಯಲ್ಲಿ ಒಬ್ಬರಾದರೂ ಎದ್ದು ಬೇಡವೆನ್ನಲಿಲ್ಲ. ಎಲ್ಲರೂ ಮುಂದೆ ಬಾಗಿದರು. ಲಾಂಡ್ರಿಯಣ್ಣ ಅಕ್ಕನ ಮೊಣಕೈ ಹಿಡಿದುಕೊಂಡ.

"ಯಾಕೆ ಮೇಷ್ಟ್ರೇ ನಿಲ್ಲಿಸಿಬಿಟ್ರಿ?" ಎಂದಳು ಅಕ್ಕ, ಕಣ್ಣು ಮುಚ್ಚಿಕೊಂಡೇ. "ಮೂರಾಯ್ತು. ಮುಂದಿನದು ಹೇಳಿ, ಕೇಳಿಸ್ಕೊಳ್ತಿದ್ದೀನಿ. ಲೋ, ಕೈ ಬಿಡೋ, ಎಲ್ಲೂ ಹೋಗಲ್ಲ ನಾನು."

ಮೇಷ್ಟ್ರು ಒಂದು ಗುಟುಕು ನೀರು ಕುಡಿದು ನಾಲ್ಕನೆಯದಕ್ಕೆ ಬಂದರು.